ಕೀಸುಳಿಯ ಪರವಾಗಿ

ಕರಾವಳಿಯ ಮನೆಗಳಲ್ಲಿ ತೆಂಗಿನ ಮಡಲನ್ನು ಅಂಗಳಕ್ಕೆ ಎಳೆದುಕೊಂಡು, ಕತ್ತಿ ಹಿಡಿದು ಯಾರಾದರೂ ಕೂತಿದ್ದರೆ ಕೇಳುವುದೇ ಬೇಡ, ಅವರು ಕಡ್ಡಿ ಕೀಸುತ್ತಿದ್ದಾರೆ. ಗರಿಯ ಹಸುರು ಭಾಗ ಒಂದೇ ಎಳೆತಕ್ಕೆ ಬಿಟ್ಟುಕೊಂಡು, ನಡುವಿನ ಕಡ್ಡಿ ಮುರಿಯದೆ ಕೈಯಲ್ಲಿ ಉಳಿಯಬೇಕು. ಹಿಡಿಸೂಡಿಗೆ ಅಂಥದ್ದೇ ಆಗಬೇಕು. ಕಬ್ಬನ್ನೂ ಕೀಸುವುದುಂಟು, ಪಪ್ಪಾಯಿಯ ಸಿಪ್ಪೆಯನ್ನೂ ಕೀಸುವುದುಂಟು. ಹಜಾಮತಿಯ ವಿಷಯಕ್ಕೆ ಬಂದರೆ ಗಡ್ಡವನ್ನೂ.

ಮೇಲ್ಮೈಯಿಂದ ಏನನ್ನಾದರೂ ತೆಗೆಯುವ ಕ್ರಿಯಾಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಕಾಯಿ ತುರಿಯುತ್ತೇವೆ, ತಳ ಹಿಡಿದ ಪಾತ್ರೆ ಕೆರೆಯುತ್ತೇವೆ, ಸೌತೆಯ ಸಿಪ್ಪೆ ಹೆರೆಯುತ್ತೇವೆ, ಕಲ್ಲು ಕೆತ್ತುತ್ತೇವೆ. ಈ ಗುಂಪಿನಲ್ಲಿ ಕೀಸುವುದರ ಜಾಗ ಬೇರೆ. ತುರಿದರೆ ಪುಡಿ ಬರುತ್ತದೆ, ಕೆತ್ತಿದರೆ ಚಕ್ಕೆ. ಕೀಸಿದರೆ ತೆಗೆದದ್ದು ತೆಳ್ಳಗೆ ಪಟ್ಟಿಯಾಗಿ ಬರಬೇಕು, ಉಳಿದದ್ದು ನುಣ್ಣಗಾಗಬೇಕು. (ದೀರ್ಘ ತಪ್ಪಿದರೆ ಮಾತ್ರ ಅಪಾಯ. ‘ಓದಿ ಏನು ಕಿಸಿದೆ?’ ಎಂದು ಬೈಸಿಕೊಂಡವರಿಗೆ ಅದು ಗೊತ್ತು. ಆ ಪದದ ಸಹವಾಸ ಇಲ್ಲಿ ನಮಗೆ ಬೇಡ.)

ಈ ಕೀಸುವಿಕೆಗೆ ಒಂದು ಉಳಿ ಸೇರಿ ಬಡಗಿಯ ಕೀಸುಳಿಯಾಯಿತು. ಆದರೆ ಪುಸ್ತಕದ ಕನ್ನಡ ಓದಿ ಬೆಳೆದವರನ್ನು ಕೇಳಿದರೆ ಈ ಸಲಕರಣೆಯ ಹೆಸರು ‘ಉಜ್ಜುಗೊರಡು’ ಎನ್ನುತ್ತಾರೆ. ಹತ್ತರಿ ಎನ್ನುವವರಿದ್ದಾರೆ, ತೋಪಡ ಎನ್ನುವವರಿದ್ದಾರೆ. ಉತ್ತರದ ಬಡಗಿಗಳ ಜೊತೆ ಬೆಂಗಳೂರಿಗೆ ಬಂದ ‘ರಂದಾ’ ಈಗ ಹಾರ್ಡ್‌ವೇರ್ ಅಂಗಡಿಯ ಮಾತಾಗಿದೆ. ಅದರ ಮೂಲ ಪಾರಸಿ. ಇವುಗಳಲ್ಲಿ ನನ್ನ ಜಗಳ ಉಜ್ಜುಗೊರಡಿನ ಜೊತೆ ಮಾತ್ರ. ‘ಉಜ್ಜುವ ಕೊರಡು’ ಎಂಬ ಹೆಸರನ್ನು ದೂರದಲ್ಲಿ ನಿಂತು ನೋಡಿದವರು ಇಟ್ಟಿರಬೇಕು. ನೋಡುವವರ ಕಣ್ಣಿಗೆ ಕಾಣುವುದು ಹಲಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುವ ಮರದ ತುಂಡು. ಕೆಲಸ ನಡೆಯುವುದು ಆ ತುಂಡಿನ ಹೊಟ್ಟೆಯೊಳಗೆ.

ಅಲ್ಲಿ ಇರುವುದು ಅಗಲವಾದ ಒಂದು ಅಲಗು. ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ ಮಲಗಿಸಿ, ಮೇಲೆ ಬೆಣೆ ಹೊಡೆದು ಬಿಗಿ ಮಾಡಿರುತ್ತಾರೆ. ತಳದಲ್ಲಿ ಅದು ಇಣುಕಲು ಒಂದು ಸೀಳು ಬಾಯಿ. ಅಲಗಿನ ಬೆನ್ನಿಗೆ ಒಂದು ಕಬ್ಬಿಣದ ಪಟ್ಟಿಯೂ ಇರುವುದುಂಟು. ಎದ್ದು ಬಂದ ಮರದ ಪದರವನ್ನು ಅದು ಅಲ್ಲಿಯೇ ಬಗ್ಗಿಸುತ್ತದೆ, ಹಾಗಾಗಿ ಸೀಳು ಮುಂದಕ್ಕೆ ಓಡಿ ಹಲಗೆಯನ್ನು ಹಾಳುಮಾಡುವುದಿಲ್ಲ. ಒಟ್ಟಿನಲ್ಲಿ ಇದೊಂದು ಉಳಿಯೇ. ಆಳಕ್ಕೆ ಹೋಗದ ಹಾಗೆ ಮರದ ಮನೆಯೊಳಗೆ ಕೂಡಿಹಾಕಿದ ಉಳಿ. ಬರಿಯ ಉಳಿ ಕೈ ತಪ್ಪಿದರೆ ಮರದೊಳಕ್ಕೆ ನುಗ್ಗುತ್ತದೆ. ಕೀಸುಳಿ ನುಗ್ಗಲಾರದು, ತಳದ ಮಟ್ಟ ಅದನ್ನು ತಡೆಯುತ್ತದೆ.

ಈ ಕೆಲಸ ಬಲ್ಲವರು ಅಲಗು ಕೂರಿಸುವುದನ್ನು ಹತ್ತಿರದಿಂದ ನೋಡಬೇಕು. ನಮ್ಮ ಕಡೆಯ ಆಚಾರಿಯೊಬ್ಬರು ಕೀಸುಳಿಯನ್ನು ತಲೆಕೆಳಗು ಮಾಡಿ, ಬೆಳಕಿನ ಕಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ತಳದುದ್ದಕ್ಕೂ ನೋಡುತ್ತಿದ್ದರು. ಅಲಗಿನ ಬಾಯಿ ಕೂದಲೆಳೆಯಷ್ಟು ಕಪ್ಪಗೆ ಕಾಣಬೇಕು, ಅದೂ ಎಡದಿಂದ ಬಲದವರೆಗೆ ಒಂದೇ ಸಮ. ಸಾಲದಿದ್ದರೆ ಅಲಗಿನ ತಲೆಗೆ ಸುತ್ತಿಗೆಯಿಂದ ಟಕ್ಕೆಂದು ಒಂದು ಪೆಟ್ಟು. ಹೆಚ್ಚಾದರೆ ಕೊರಡಿನ ಹಿಂಬದಿಗೆ ಒಂದು ಪೆಟ್ಟು, ಅಲಗು ತಾನಾಗಿ ಹಿಂದೆ ಸರಿಯುತ್ತದೆ. ಕೊನೆಗೆ ಬೆಣೆಗೆ ಇನ್ನೊಂದು. ಇಷ್ಟೂ ಹೊತ್ತು ಮಾತಿಲ್ಲ. ಕೆಲಸ ಕಲಿಯಲು ಬಂದಿದ್ದ ಅವರ ಅಳಿಯ ಮಾತ್ರ ಅಲಗು ಮಸೆಯುವ ಗೋಜಿಗೆ ಹೋಗದೆ, ಮೈಭಾರವನ್ನೆಲ್ಲ ಹಾಕಿ ದೂಡುತ್ತಿದ್ದ. ಮಾವ ತಲೆ ಎತ್ತದೆಯೇ ಹೇಳಿದ್ದು ಒಂದೇ ಮಾತು: “ತಿಕ್ಕ್‌ಬ್ಯಾಡ ಮಾರಾಯಾ, ಕೀಸ್.”

ತಿಕ್ಕುವುದಕ್ಕೂ ಕೀಸುವುದಕ್ಕೂ ಇರುವ ಅಂತರವೆಲ್ಲ ಆ ಮಾತಿನಲ್ಲಿದೆ. ಉಜ್ಜುವುದರಲ್ಲಿ ಎಷ್ಟು ಒತ್ತಿದೆ, ಎಷ್ಟು ಸಲ ಒತ್ತಿದೆ ಎಂಬುದೇ ಲೆಕ್ಕ. ಕೀಸುವುದರಲ್ಲಿ ಅಲಗು ಎಷ್ಟು ಹರಿತ, ಒತ್ತು ಎಲ್ಲಿ ಎಂಬ ಲೆಕ್ಕ. ಹಲಗೆಯ ತುದಿಯಿಂದ ಹೊರಡುವಾಗ ಭಾರ ಮುಂದಿನ ಕೈಯಲ್ಲಿರಬೇಕು, ನಡುವೆ ಎರಡೂ ಕೈಗಳಲ್ಲಿ, ಆಚೆ ತುದಿ ದಾಟುವಾಗ ಹಿಂದಿನ ಕೈಯಲ್ಲಿ. ಇದು ತಪ್ಪಿದರೆ ಎರಡೂ ತುದಿ ತಗ್ಗಿ ನಡು ಉಬ್ಬುತ್ತದೆ, ಆಮೇಲೆ ಮೂಲೆಮಟ್ಟ ಇಟ್ಟು ನೋಡಿದರೆ ಸಂದಿಯಲ್ಲಿ ಬೆಳಕು. ದೂಡುವ ಬಲವೂ ತೋಳಿನದಲ್ಲ. ಕಾಲು ಅಗಲಿಸಿ ನಿಂತು ಸೊಂಟದಿಂದ ಮುಂದೆ ಹೋಗಬೇಕು. ಬರಿ ತೋಳಿನಲ್ಲಿ ಕೀಸುವವನು ಮಧ್ಯಾಹ್ನದ ಊಟದ ಹೊತ್ತಿಗೆ ಸೋತಿರುತ್ತಾನೆ.

ಇನ್ನು ಮರದ ನಾರು. ಅದು ಯಾವ ಕಡೆಗೆ ಏರುತ್ತದೋ ಆ ಕಡೆಗೆ ಕೀಸಿದರೆ ಹೊಳೆಯುವ ಮೈ ಸಿಗುತ್ತದೆ. ಎದುರು ದಿಕ್ಕಿನಲ್ಲಿ ಹೋದರೆ ಅಲಗು ನಾರಿನಡಿಗೆ ಸಿಕ್ಕಿ ಚೂರುಚೂರಾಗಿ ಕಿತ್ತುಕೊಂಡು ಬರುತ್ತದೆ. ಹಲಗೆಯ ಬದಿ ನೋಡಿದರೆ ದಿಕ್ಕು ತಿಳಿಯುತ್ತದೆ ಎನ್ನುವುದು ಹೌದು, ಆದರೆ ಹಲಸಿನಂಥ ಮರಗಳು ಆ ಮಾತಿಗೆ ಬಗ್ಗುವುದಿಲ್ಲ. ಅವುಗಳ ನಾರು ಪದರದಿಂದ ಪದರಕ್ಕೆ ದಿಕ್ಕು ಬದಲಿಸುತ್ತದೆ. ಅಂಥಲ್ಲಿ ಅಲಗನ್ನು ಮತ್ತೆ ಮಸೆದು, ಇನ್ನೂ ತೆಳ್ಳಗೆ ಇಟ್ಟು, ಕೀಸುಳಿಯನ್ನು ಸ್ವಲ್ಪ ಓರೆ ಮಾಡಿ ಹೋಗಬೇಕು. ಸಾಗುವಾನಿಯ ತೊಂದರೆ ಬೇರೆ. ಕೀಸಲು ಮೆತ್ತಗೆನಿಸಿದರೂ ಅದರೊಳಗಿನ ಮರಳಿನಂಥ ಸಿಲಿಕಾ ಅಲಗಿನ ಹರಿತವನ್ನು ಬೇಗ ತಿನ್ನುತ್ತದೆ.

ಉಜ್ಜುವ ಸರದಿ ಬರುವುದು ಇದೆಲ್ಲ ಮುಗಿದ ಮೇಲೆ. ಅದಕ್ಕೆ ಉಪ್ಪುಕಾಗದ ಇದೆ. ಅದಕ್ಕೂ ಮೊದಲು ಗರಗತ್ತಿಯ ಎಲೆ ಇತ್ತು. ಅಂಗೈಗೆ ತಾಗಿದರೆ ಚುರುಚುರು ಎನ್ನುವ ಆ ಎಲೆಯಿಂದ ಮರವನ್ನು ಉಜ್ಜಿ ನಯ ಮಾಡುತ್ತಿದ್ದರು. ಉಪ್ಪುಕಾಗದ ಮೈತುಂಬ ಸಣ್ಣ ಗೀರು ಎಳೆದು ಒರಟನ್ನು ಸವೆಸುತ್ತದೆ, ಕೀಸುಳಿ ನಾರನ್ನು ಕತ್ತರಿಸುತ್ತದೆ. ಎರಡೂ ಬೇರೆ ಬೇರೆ ಕೆಲಸ. ಒಂದರ ಕ್ರಿಯಾಪದವನ್ನು ಇನ್ನೊಂದರ ಹೆಸರಿಗೆ ಅಂಟಿಸಿದ್ದೇ ‘ಉಜ್ಜುಗೊರಡಿ’ನ ತಪ್ಪು.

ಅಕ್ಕಪಕ್ಕದವರು ಈ ತಪ್ಪು ಮಾಡಿಲ್ಲ. ತಮಿಳಿನಲ್ಲಿ ಕೀಸುವುದಕ್ಕೆ ‘ಸೀವು’, ಸಲಕರಣೆಗೆ ‘ಸೀವುಳಿ’ ಎಂಬ ಮಾತಿದೆ. ನಮ್ಮ ಕಿವಿ ಅವರಲ್ಲಿ ಸೆವಿಯಾಗುವುದನ್ನು ಬಲ್ಲವರಿಗೆ ಇದು ನೆಂಟಸ್ತಿಕೆಯಂತೆಯೇ ಕೇಳಿಸುತ್ತದೆ. ಒಂದು ಎಚ್ಚರ: ಅಲ್ಲಿ ತಲೆ ಸೀವುವುದೆಂದರೆ ಬಾಚಿಕೊಳ್ಳುವುದು, ಇಲ್ಲಿ ತಲೆ ಕೀಸುವುದೆಂದರೆ ಬೋಳಿಸುವುದು. ಮರಾಠಿಯಲ್ಲಿ ತುರಿಮಣೆಗೆ ‘ಕಿಸಣಿ’ ಎನ್ನುತ್ತಾರೆ. ದೂರದ ಜಪಾನಿನಲ್ಲಿ ಕೀಸುಳಿಯ ಹೆಸರು ‘ಕನ್ನ’. ನಮ್ಮ ಕನ್ನಗಳ್ಳರಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ಬಡಗಿ ಅದನ್ನು ದೂಡುವುದಿಲ್ಲ, ತನ್ನ ಕಡೆಗೆ ಎಳೆಯುತ್ತಾನೆ.

ಈಗ ಕೀಸುವ ಕೆಲಸವೇ ಕಡಿಮೆ. ಪ್ಲೈವುಡ್ ಕಾರ್ಖಾನೆಯಿಂದಲೇ ಸಪಾಟಾಗಿ ಬರುತ್ತದೆ, ಮೇಲೆ ಮೈಕಾ ಅಂಟಿಸಿದರಾಯಿತು. ಗಟ್ಟಿ ಮರ ಬಂದರೆ ಕರೆಂಟಿನ ಪ್ಲೇನರ್ ಇದೆ. ಅದರಲ್ಲಿ ಗಿರಗಿರ ತಿರುಗುವ ಉರುಳೆಗೆ ಅಲಗು ಕಟ್ಟಿರುತ್ತದೆ. ಅದು ಮರವನ್ನು ಚೂರುಚೂರಾಗಿ ಮೊಗೆದು ಹಾಕುತ್ತದೆಯಾಗಿ ಸುರುಳಿ ಬರುವುದಿಲ್ಲ, ಹಲಗೆಯನ್ನು ಓರೆ ಬೆಳಕಿಗೆ ಹಿಡಿದರೆ ಸಣ್ಣ ಅಲೆಗಳೂ ಕಾಣುತ್ತವೆ. ವೇಗ ಬೇಕಾದಲ್ಲಿ ಅದೇ ಸರಿ, ಅದರಲ್ಲಿ ತಕರಾರಿಲ್ಲ. ಕೈಯ ಕೀಸುಳಿ ಚೀಲದಿಂದ ಹೊರಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ನೀರು ಕುಡಿದು ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಾಗ. ಆಗಲೂ ಬಲ್ಲವರು ಬೇಕೆಂದಷ್ಟು ಕೀಸುವುದಿಲ್ಲ. ಬೇಸಗೆಯಲ್ಲಿ ಮರ ಕುಗ್ಗಿದಾಗ ಸಂದಿ ಬಿಟ್ಟೀತೆಂದು ಒಂದೆರಡು ಸುರುಳಿ ತೆಗೆದು ಸುಮ್ಮನಾಗುತ್ತಾರೆ.

ಮಾತಿನಲ್ಲೂ ಬದಲಾವಣೆ ಕಾಣುತ್ತಿದೆ. ರಂದಾ ಹೊಡೆಯುತ್ತಾರೆ, ಹತ್ತರಿ ಹೊಡೆಯುತ್ತಾರೆ, ಪ್ಲೇನರ್ ಹೊಡೆಯುತ್ತಾರೆ. ಎಲ್ಲಕ್ಕೂ ‘ಹೊಡೆ’ ಒಂದೇ. ತನ್ನ ಕ್ರಿಯಾಪದವನ್ನು ತಾನೇ ಹೊತ್ತುಕೊಂಡು, ಅದೂ ಸರಿಯಾದದ್ದನ್ನು ಹೊತ್ತುಕೊಂಡು ಬರುವ ಹೆಸರು ಇವುಗಳಲ್ಲಿ ಕೀಸುಳಿ ಒಂದೇ. ಬಡಗಿ ಕೆಲಸದ ಪಠ್ಯ ಬರೆಯುವವರು, ನಿಘಂಟು ಪರಿಷ್ಕರಿಸುವವರು ದಯವಿಟ್ಟು ಅದನ್ನು ಮೊದಲು ಬರೆಯಲಿ. ಉಜ್ಜುಗೊರಡು ಬೇಕಿದ್ದರೆ ಅದರ ಹಿಂದೆ ಬರಲಿ. ನಿಮ್ಮ ಊರಿನ ಬಡಗಿಗಳು ಇದಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ, ಯಾವ ಊರು ಎಂಬುದನ್ನೂ ಸೇರಿಸಿ ಒಂದು ಸಾಲು ಬರೆದು ಕಳಿಸಿ.