ಕಾಯಿಲೆ ಸಾಲ: ದಕ್ಷಿಣ ಬೆಂಗಳೂರು

ಮನೆಯಲ್ಲಿ ದುಡಿಯುವವರೇ ಹಾಸಿಗೆ ಹಿಡಿದಾಗ ಸಂಸಾರದ ಮೇಲೆ ಎರಡು ಬಗೆಯ ಸಾಲ ಬೀಳುತ್ತದೆ. ಆಸ್ಪತ್ರೆಗೆಂದು ಮಾಡಿದ್ದು ಒಂದು. ಸಂಬಳ ನಿಂತು ಕಂತು ಕಟ್ಟಲಾಗದೆ ಬೆಳೆದದ್ದು ಇನ್ನೊಂದು. ಸರ್ಕಾರಿ ಯೋಜನೆಗಳು ಬಹುಪಾಲು ಮೊದಲನೆಯದಕ್ಕೆ ಹೆಗಲು ಕೊಡುತ್ತವೆ. ಮನೆ ಮುಳುಗಿಸುವುದು ಹೆಚ್ಚಾಗಿ ಎರಡನೆಯದು.

ದಕ್ಷಿಣ ಬೆಂಗಳೂರಿನಲ್ಲಿ ಸರ್ಕಾರಿ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ಜಯನಗರದ ಸಾರ್ವಜನಿಕ ಆಸ್ಪತ್ರೆ, ಸಂಜಯ ಗಾಂಧಿ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯ ಜಯದೇವ, ಹೊಸೂರು ರಸ್ತೆಯ ಕಿದ್ವಾಯಿ, ನಿಮ್ಹಾನ್ಸ್ ಎಲ್ಲವೂ ಕೈಗೆಟಕುವ ದೂರದಲ್ಲಿವೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ ಜಯದೇವ ಆಸ್ಪತ್ರೆ ಮೊದಲು ಚಿಕಿತ್ಸೆ, ಹಣ ಆಮೇಲೆ ಎಂಬ ಪದ್ಧತಿಗೆ ಹೆಸರಾಯಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಎಪಿಎಲ್ ಕುಟುಂಬಕ್ಕೆ ಸಿಗುವುದು ವೆಚ್ಚದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ.

ಬೈಪಾಸ್ ಮಾಡಿಸಿಕೊಂಡು ಬಿಟಿಎಂ ಲೇಔಟ್ ಪಕ್ಕದ ತಾವರೆಕೆರೆಗೆ ಮರಳುವ ಆಟೋ ಚಾಲಕನನ್ನು ನೆನೆಯಿರಿ. ಆಪರೇಷನ್‌ಗೆ ಅವನು ಕೈಯಿಂದ ಕಾಸು ಬಿಚ್ಚಿರಲಿಕ್ಕಿಲ್ಲ. ಆದರೆ ಗಾಡಿ ಹತ್ತದೆ ಕೂತ ತಿಂಗಳುಗಳ ಬಾಡಿಗೆ, ಆಟೋ ಕಂತು, ಮಗಳ ಸ್ಕೂಲ್ ಫೀಸಿಗೆ ಯಾವ ಕಾರ್ಡೂ ಇಲ್ಲ.

ಚಿಕಿತ್ಸೆಯ ಜೊತೆ ಕೂಲಿಯನ್ನೂ ತುಂಬಿಕೊಡುವುದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ನೌಕರರು, ಎಂದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಅಂಗಡಿ ಕೆಲಸದವರು, ಸೆಕ್ಯೂರಿಟಿ ಗಾರ್ಡ್‌ಗಳು ಇದರಡಿ ಬರುತ್ತಾರೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಸಂದಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಕೈಸೇರುತ್ತದೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯುವಿನಂಥ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆಯಿದ್ದವರಿಗೆ, ಶೇ 80ರ ದರದಲ್ಲಿ ಎರಡು ವರ್ಷದವರೆಗೂ ವಿಸ್ತರಣೆಯುಂಟು. ಇಎಸ್‌ಐ ಎಂದರೆ ಮಾತ್ರೆ ಕೊಡುವ ಡಿಸ್ಪೆನ್ಸರಿ ಎಂದಷ್ಟೇ ತಿಳಿದು ಸಂಬಳವಿಲ್ಲದ ರಜೆ ಹಾಕಿ ಮಲಗುವವರಿದ್ದಾರೆ. ಇದು ನೋವಿನ ಸಂಗತಿ. ಆ ದುಡ್ಡು ಅವರದೇ ವಂತಿಗೆಯ ಫಲ.

ಪಿಎಫ್ ಇದ್ದವರು ಕಾಯಿಲೆಗೆಂದು ಮುಂಗಡ ಪಡೆಯಬಹುದು.

ಇವೆರಡೂ ಇಲ್ಲದವರು ನೋಡುವುದು ಮನೆಯ ಲೀಸ್ ಹಣದ ಕಡೆಗೆ. ಬನಶಂಕರಿ, ಜೆ.ಪಿ. ನಗರದ ಒಳರಸ್ತೆಗಳಲ್ಲಿ ಕೆಲವು ಲಕ್ಷ ಭೋಗ್ಯಕ್ಕೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇರುವ ಸಂಸಾರಗಳು ಬಹಳ. ಆ ಹಣ ವಾಪಸ್ ಕೇಳಿದರೆ, ಹೊಸ ಪಾರ್ಟಿ ಸಿಗಲಿ, ಕೊಡುತ್ತೇನೆ ಎನ್ನುವ ಓನರ್‌ಗಳೇ ಹೆಚ್ಚು. ಅಷ್ಟರಲ್ಲಿ ಒಡವೆ ಗಿರವಿ ಅಂಗಡಿ ಸೇರಿರುತ್ತದೆ, ಕೈಸಾಲ ಮೀಟರ್ ಬಡ್ಡಿಗೆ ತಿರುಗಿರುತ್ತದೆ.

ಇಂಥ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಕೂಗುವವನಿಗೇ ಮೊದಲು ದುಡ್ಡು ಹೋಗುತ್ತದೆ. ಕಾನೂನಿನ ಲೆಕ್ಕ ಬೇರೆ. ಅಡವಿಟ್ಟ ಮನೆಯ ಸಾಲ ಕೆಟ್ಟಿತೆಂದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು ಸ್ವಾಧೀನಕ್ಕೆ ಇಳಿಯಬಹುದು. ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನ್‌ನವರು ಕೋರ್ಟಿಗೇ ಹೋಗಬೇಕು. ಅಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪಿಎಫ್, ಅಡುಗೆ ಪಾತ್ರೆ, ಕಸುಬಿನ ಸಲಕರಣೆಗಳನ್ನು ಜಪ್ತಿಯಿಂದ ಕಾಪಾಡುತ್ತದೆ. ಬಡತನದಿಂದ ಸಾಲ ತೀರಿಸಲಾಗದವರನ್ನು ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ಚೆಕ್ ಬೌನ್ಸ್ ಮಾತ್ರ ಕ್ರಿಮಿನಲ್ ಮೊಕದ್ದಮೆ. ಆ ನೋಟಿಸ್ ಬಂದರೆ ಸುಮ್ಮನಿರಬಾರದು.

ಸಂಘದ ಸಾಲದ ಕಷ್ಟ ಇನ್ನೊಂದು ತರಹ. ವಾರದ ಕಂತಿನ ದಿನ ಒಬ್ಬಳು ಕಟ್ಟದಿದ್ದರೆ ಮಿಕ್ಕವರು ಹಾಕಿ ತುಂಬಬೇಕು. ಅಕ್ಕಪಕ್ಕದ ಮನೆಯವರೇ ವಸೂಲಿಗಾರರಾಗುತ್ತಾರೆ. ಕಾಯಿಲೆಯವಳು ನಲ್ಲಿ ನೀರಿಗೆ ಹೋಗಲೂ ಹಿಂಜರಿಯುತ್ತಾಳೆ. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಇಂಥ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ರಾಜ್ಯವನ್ನು ಕಲಕಿತು. ಅದೇ ವರ್ಷ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆಂದು ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿತ್ತು. ಬ್ಯಾಂಕಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ.

ಸಣ್ಣ ಸಾಲಗಾರರ ಸಾಲ ಮನ್ನಾ ಮಾಡಿ ಹೊಸದಾಗಿ ಬದುಕಲು ಬಿಡುವ ಅಧ್ಯಾಯ 2016ರ ದಿವಾಳಿ ಸಂಹಿತೆಯಲ್ಲಿದ್ದರೂ ಅದನ್ನು ಜಾರಿಗೆ ತಂದಿಲ್ಲ. ಅದಕ್ಕೂ ಅರ್ಹರಾಗಲು ಸಾಲ 35,000 ರೂಪಾಯಿ ದಾಟಬಾರದು. ಈ ಊರಿನಲ್ಲಿ ಆ ಮಿತಿಗೆ ಅರ್ಥವೇ ಇಲ್ಲ.

ಹೀಗಾಗಿ ಉಳಿಯುವುದು ಮಾತುಕತೆ ಮತ್ತು ಲೋಕ ಅದಾಲತ್. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100. ಹೆಂಗಸರು, ಅಂಗವಿಕಲರು, ಪರಿಶಿಷ್ಟ ಜಾತಿ–ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಎಷ್ಟು ತಿಂಗಳು ಕೆಲಸ ಮಾಡುವಂತಿಲ್ಲ ಎಂಬ ವೈದ್ಯರ ಪತ್ರ, ಪ್ರತಿ ಸಾಲದ ಪಾಸ್‌ಬುಕ್ಕು ಜೊತೆಯಲ್ಲಿರಲಿ. ರೋಗಿಗೆ ಏಳಲಾಗದಿದ್ದರೆ ಮನೆಯ ಬೇರೆಯವರು ಹೋದರೂ ವಿಚಾರಿಸಿ ಬರಬಹುದು.