ಪೇಟೆಗೆ ಬಾರದ ಕೆನೆ: ಹಂಪಿ ಸೀಮೆಯ ಹಾಲಿನ ಚರಿತ್ರೆ

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್ ಪೇಟೆಯಲ್ಲಿ ಕಣ್ತುಂಬ ಕಂಡದ್ದನ್ನು ಬರೆದಿಟ್ಟ. ನಿಂಬೆ, ಕಿತ್ತಳೆ, ಬದನೆಗಳ ಹೇರುಗಳಾದ ಮೇಲೆ ಬೆಣ್ಣೆ, ಎಣ್ಣೆ, ಹಾಲಿನ ಮಾತಿಗೆ ಬರುತ್ತಾನೆ. ದಿನವೂ ಅವು ಎಷ್ಟು ಮಾರಾಟವಾಗುತ್ತವೆ ಎಂಬುದನ್ನು ಹೇಳದೆ ಮುಂದೆ ಹೋಗಲು ಅವನಿಗೆ ಮನಸ್ಸಾಗುವುದಿಲ್ಲ. ಊರೊಳಗೇ ಸಾಕುವ ದನ, ಎಮ್ಮೆಗಳಷ್ಟು ಬೇರಾವ ನಗರದಲ್ಲೂ ಕಾಣಸಿಗವು ಎಂದೂ ಸೇರಿಸುತ್ತಾನೆ. ಹಾಲು ಇದೆ, ಬೆಣ್ಣೆ ಇದೆ. ನಡುವಿನ ಕೆನೆ ಮಾತ್ರ ಆ ಪಟ್ಟಿಯಲ್ಲಿಲ್ಲ.

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಗಳಲ್ಲಿ ಅದೇ ಕೆನೆ ಊರಿನ ಹೆಸರನ್ನೇ ಎತ್ತಿ ನಿಲ್ಲಿಸಿತು. ಹಾಲನ್ನು ಅಗಲವಾದ ಪಾತ್ರೆಯಲ್ಲಿ ಕೆಲವು ತಾಸು ತಣ್ಣಗೆ ಇಟ್ಟು, ಆಮೇಲೆ ಕುದಿಸದೆ ಸಣ್ಣ ಉರಿಯಲ್ಲಿ ಕಾಸಿ, ಮತ್ತೆ ಅಲುಗಿಸದೆ ಆರಿಸಿ ತೆಗೆಯುವ ದಪ್ಪ ಕೆನೆಗೆ ಅಲ್ಲಿ ‘ಕ್ಲಾಟೆಡ್ ಕ್ರೀಮ್’ ಎನ್ನುತ್ತಾರೆ. ಸ್ಕೋನ್ ಎಂಬ ಗೋಧಿಹಿಟ್ಟಿನ ಪುಟ್ಟ ಬನ್ನನ್ನು ಸೀಳಿ, ಜಾಮ್ ಮತ್ತು ಈ ಕೆನೆ ಹಚ್ಚಿ ಚಹಾದ ಜೊತೆ ತಿನ್ನುವುದು ರೂಢಿ. ಡೆವನ್‌ನವರು ಮೊದಲು ಕೆನೆ ಹಚ್ಚುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ಕಾರ್ನ್‌ವಾಲ್‌ನ ಕೆನೆಗೆ 1998ರಲ್ಲಿ ಯುರೋಪಿನ ಭೌಗೋಳಿಕ ರಕ್ಷಣೆಯೂ ಸಿಕ್ಕಿತು. ಆ ಹೆಸರಿನಲ್ಲಿ ಮಾರಬೇಕಾದರೆ ಕೆನೆಯಲ್ಲಿ ಕನಿಷ್ಠ ಶೇ. 55 ಜಿಡ್ಡು ಇರಲೇಬೇಕು. ತುರ್ಕಿಯ ಕಯ್ಮಾಕ್, ಉತ್ತರ ಭಾರತದ ಮಲಾಯಿ ಇದರ ಬಂಧುಗಳೇ.

ಹಾಗಾದರೆ ಹಂಪಿ, ಕಂಪ್ಲಿ, ಸಂಡೂರು ಸೀಮೆಗೆ ಈ ವಿದ್ಯೆ ತಿಳಿದಿರಲಿಲ್ಲವೇ? ಖಂಡಿತ ತಿಳಿದಿತ್ತು. ಕುಳ್ಳಿನ ಬೆಂಕಿಯ ಮೇಲೆ ಹಾಲಿನ ಗಡಿಗೆ ಇಟ್ಟು, ಉರಿ ಸತ್ತ ಮೇಲೂ ಬೂದಿ ಮುಚ್ಚಿದ ಕೆಂಡದ ಕಾವಿನಲ್ಲೇ ತಾಸುಗಟ್ಟಲೆ ಬಿಡುವುದು ಈ ಸೀಮೆಯ ಹಳ್ಳಿಗಳ ಹಳೆಯ ಪದ್ಧತಿ. ಹಾಲು ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ. ಸಂಜೆಯ ಹೊತ್ತಿಗೆ ಮೇಲೆ ಕೆಂಬಣ್ಣದ ದಪ್ಪ ಪದರ ಕಟ್ಟಿರುತ್ತದೆ. ಡೆವನ್‌ನ ಗೃಹಿಣಿ ಮಾಡುತ್ತಿದ್ದುದೂ ಮೂಲತಃ ಇದನ್ನೇ.

ಆಗುವುದು ಇಷ್ಟು. ಹಾಲಿನ ಜಿಡ್ಡಿನ ಕಣಗಳು ನೀರಿಗಿಂತ ಹಗುರ, ಆದ್ದರಿಂದ ಮೇಲೇರುತ್ತವೆ. ಕಾವು ಸುಮಾರು 70 ಡಿಗ್ರಿ ದಾಟಿದಾಗ ಹಾಲಿನ ಪ್ರೋಟೀನಿನ ಕೆಲವು ಅಂಶಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತವೆ; ಮೇಲ್ಮೈಯ ನೀರು ಆರಿದಂತೆ ಜಿಡ್ಡನ್ನು ತಮ್ಮ ಬಲೆಯಲ್ಲಿ ಹಿಡಿದುಕೊಳ್ಳುತ್ತವೆ. ಆಕಳ ಹಾಲಿನಲ್ಲಿ ಜಿಡ್ಡು ಶೇ. 4ರ ಆಸುಪಾಸು, ಎಮ್ಮೆಯದರಲ್ಲಿ ಶೇ. 7ರಷ್ಟು. ಎಮ್ಮೆಯ ಕೆನೆ ಹೆಚ್ಚು, ಬಣ್ಣ ಬಿಳಿ.

ಕೆನೆಯನ್ನು ಕೆನೆಯಾಗಿಯೇ ಉಳಿಸುವ ಹವೆ ಮಾತ್ರ ಇಲ್ಲಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯಲ್ಲಿ ತೆಗೆದಿಟ್ಟ ಕೆನೆ ಮರುದಿನಕ್ಕೆ ಹುಳಿಯುತ್ತದೆ. ಆದ್ದರಿಂದ ಇಲ್ಲಿನ ಅಡುಗೆಮನೆ ಹುಳಿಯನ್ನೇ ಒಲಿಸಿಕೊಂಡಿತು: ಕೆನೆಸಹಿತ ಹಾಲಿಗೆ ಹೆಪ್ಪು, ಮೊಸರಿಗೆ ಕಡಗೋಲು, ಬೆಣ್ಣೆಯಿಂದ ತುಪ್ಪ. ನೀರಿನ ಅಂಶ ಪೂರಾ ಹೋದ ತುಪ್ಪ ತಿಂಗಳುಗಟ್ಟಲೆ ಕೆಡದು; ಪೇಟೆಗೆ ಹೊತ್ತೊಯ್ಯಬಹುದು, ಗುಡಿಗೆ ಕೊಡಬಹುದು. ತಂಪು ನಾಡಿನ ಡೆವನ್‌ಗೆ ಆ ಒತ್ತಡವಿರಲಿಲ್ಲ. ಕೆನೆ ಅಲ್ಲಿ ಗುರಿಯಾಯಿತು, ಇಲ್ಲಿ ದಾರಿಯಾಯಿತು. ಪೇಯಸ್‌ನ ಪಟ್ಟಿಯಲ್ಲಿ ಅದು ಕಾಣದಿರುವುದಕ್ಕೆ ಕಾರಣ ಇದೇ ಎಂಬುದು ಈ ಲೇಖನದ ವಾದ. ಮಾರಾಟವಾಗದ ವಸ್ತು ಪ್ರವಾಸಿಯ ಕಣ್ಣಿಗೂ ಬೀಳದು, ಸುಂಕದವನ ಲೆಕ್ಕಕ್ಕೂ ಸಿಗದು.

ಕನ್ನಡ ನಾಡಿನ ಪಾಕಗ್ರಂಥಗಳ ಸಾಲು ದೊಡ್ಡದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025) ಅಡುಗೆಗೆಂದೇ ಒಂದು ಅಧ್ಯಾಯ ಕೊಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (1129) ಹಾಲನ್ನು ಹುಳಿಯಿಂದ ಒಡೆಸಿ ಸಿಹಿ ಮಾಡುವುದನ್ನು ಹೇಳುತ್ತದೆ. ಆದರೆ ಇವೆಲ್ಲ ಅರಮನೆಯ, ಪಂಡಿತರ ಬರಹ. ಹಟ್ಟಿಯ ಹೆಂಗಸು ಗಡಿಗೆಯ ಬಾಯಲ್ಲಿ ಕಂಡ ಪದರದ ಕಥೆಯನ್ನು ಅವುಗಳಿಂದಷ್ಟೇ ಕಟ್ಟಲಾಗದು.

ಶಿಲ್ಪ ಮತ್ತು ನೆಲ ಇನ್ನೊಂದಿಷ್ಟು ಹೇಳುತ್ತವೆ. ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯ ಅಲ್ಲಿಂದ ತಂದ ಬಾಲಕೃಷ್ಣನನ್ನು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದ. ಬೆಣ್ಣೆ ಕದಿಯುವ ದೇವರಿಗೆ ಹೈನು ತುಂಬಿದ ನಗರದಲ್ಲಿ ಗುಡಿ ಎದ್ದಿತು. ಆ ಹೈನಿಗೆ ಮೇವು ಒದಗಿಸಿದ್ದು ತುಂಗಭದ್ರೆ. ವಿಜಯನಗರ ಕಾಲದ ತುರ್ತು, ಬಸವಣ್ಣ, ರಾಯ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಕಂಪ್ಲಿಯ ಬತ್ತದ ಹುಲ್ಲು, ಕಬ್ಬಿನ ಸೋಗೆ ಈಗಲೂ ಎಮ್ಮೆಗಳ ಮುಂದೆ ಬೀಳುತ್ತವೆ. ಸಂಡೂರಿನ ರಾಮನದುರ್ಗ 19ನೇ ಶತಮಾನದಲ್ಲಿ ಬ್ರಿಟಿಷ್ ಸೈನಿಕರ ಆರೋಗ್ಯಧಾಮವಾಗಿತ್ತು. ಇಡೀ ಸೀಮೆಯಲ್ಲಿ ಕೆನೆಗೆ ಹೊಂದುವ ತಂಪು ಎಲ್ಲಾದರೂ ಇದ್ದರೆ ಆ ಬೆಟ್ಟದ ಮೇಲೆಯೇ.

ಇಂದು ಫ್ರಿಜ್ ಬಂದು ಹವೆಯ ತಡೆ ನೀಗಿದೆ, ಬೇರೊಂದು ತಡೆ ಬಂದಿದೆ. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ. 3 ಮಾತ್ರ, ಹೋಮೊಜಿನೈಸ್ ಮಾಡಿದ್ದರೆ ಕಣಗಳು ಚೂರಾಗಿ ಮೇಲೇರುವುದೇ ಇಲ್ಲ. ಮನೆಯಲ್ಲಿ ಮಾಡುವವರು ಹಾಲಿನವರಿಂದ ಎಮ್ಮೆಯ ಗಟ್ಟಿ ಹಾಲು ತರುವುದೇ ಸರಿ. 2 ಲೀಟರ್ ಹಾಲನ್ನು ಅಗಲ ಪಾತ್ರೆಯಲ್ಲಿ, ಕುದಿ ಬಾರದಂತೆ 80ರಿಂದ 90 ಡಿಗ್ರಿಯಲ್ಲಿ ಒಂದು ತಾಸಿಗೂ ಹೆಚ್ಚು ಕಾಸಬೇಕು. ಮೇಲ್ಪದರ ಸುಕ್ಕುಗಟ್ಟಿದಾಗ ಇಳಿಸಿ, ಕದಡದೆ ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮರುಬೆಳಿಗ್ಗೆ ಜಾಲರಿ ಸೌಟಿನಿಂದ ಎತ್ತಬೇಕು. ಇಷ್ಟು ಹಾಲಿನಲ್ಲಿ ಇರುವ ಜಿಡ್ಡೇ ಸುಮಾರು 140 ಗ್ರಾಂ. ಕಾರ್ನ್‌ವಾಲ್‌ನ ಅಳತೆಯ ಕೆನೆ ಹೆಚ್ಚೆಂದರೆ ಕಾಲು ಕಿಲೋ ದಕ್ಕೀತು, ಮನೆಯಲ್ಲಿ ಅದಕ್ಕಿಂತ ಕಡಿಮೆಯೇ. ಸ್ಕೋನ್ ಇಲ್ಲದಿದ್ದರೆ ಬಿಸಿ ಸಜ್ಜೆ ರೊಟ್ಟಿ ಮತ್ತು ಬೆಲ್ಲದ ಜೊತೆ ಬಡಿಸಬಹುದು. ರುಚಿಯಲ್ಲಿ ಅದೇನೂ ಕಡಿಮೆಯಲ್ಲ.

ಶಾಸನಗಳು ಹೇಳದ ಈ ಚರಿತ್ರೆ ಕಂಪ್ಲಿ, ಸಂಡೂರು ಹಳ್ಳಿಗಳ ಹಿರಿಯ ಹೆಂಗಸರ ಬಾಯಲ್ಲಿದೆ. ಯಾವ ಮರದ ಕೆಂಡ, ಎಷ್ಟು ಹೊತ್ತು, ಯಾವ ಹಬ್ಬಕ್ಕೆ ಕೆನೆ ಎತ್ತಿಡುತ್ತಿದ್ದರು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಇದೇ ಸೀಮೆಯಲ್ಲಿ 1991ರಲ್ಲಿ ಆರಂಭವಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕರು ಗ್ಯಾಸ್ ಒಲೆಗಿಂತ ಮೊದಲಿನ ಅಡುಗೆಯನ್ನು ಕಂಡ ಆ ತಲೆಮಾರಿನ ಮಾತನ್ನು ಈಗಲೇ ದಾಖಲಿಸಿಕೊಳ್ಳಬೇಕು.