ಗಾಯಕ್ಕೆ ಸಾಕ್ಷಿ ಯಾರು?

ಬಬಲೇಶ್ವರ ತಾಲ್ಲೂಕಿನ ಸಾರವಾಡವು ಡೋಣಿ ಸೀಮೆಯ ಊರು. ಡೋಣಿ ಹರಿದ ವರ್ಷ ಓಣಿಯೆಲ್ಲ ಕಾಳು ಎಂಬ ಮಾತು ಆ ಸೀಮೆಯಲ್ಲಿ ಹಳೆಯದು. ಹರಿಯದ ವರ್ಷಗಳ ಬಗೆಗೆ ಯಾರೂ ಗಾದೆ ಕಟ್ಟಲಿಲ್ಲ. ಮಳೆಯನ್ನೇ ನಂಬಿದ ಇಂತಹ ಎರೆನೆಲದ ಹಳ್ಳಿಗಳಿಂದ ಯುವಕರು ಸೇನೆಗೆ ಸೇರುವುದು ವಿಜಯಪುರ ಜಿಲ್ಲೆಗೆ ಹೊಸತೇನಲ್ಲ. ಜಿಲ್ಲಾ ಕೇಂದ್ರದಲ್ಲಿ 1963ರಿಂದ ಸೈನಿಕ ಶಾಲೆಯೂ ಇದೆ. ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ಧ್ವಜಸ್ತಂಭದ ಬಳಿ ನಿಂತ ಮಾಜಿ ಸೈನಿಕರನ್ನು ನೀವು ಕಂಡಿರುತ್ತೀರಿ. ಕೋಟಿನ ಎಡಭಾಗದಲ್ಲಿ ಪದಕಗಳ ಸಾಲು, ಕೆಲವರ ನಡಿಗೆಯಲ್ಲಿ ಒಂದು ಕುಂಟು. ಆ ಕುಂಟಿಗೂ ಒಂದು ಪದಕ ಆ ಸಾಲಿನಲ್ಲಿ ಇದ್ದೇ ಇರುತ್ತದೆ ಎಂದು ನಾವು ತಿಳಿಯುತ್ತೇವೆ. ಬಹಳ ಸಲ ಅದು ಇರುವುದಿಲ್ಲ. ಏಕೆ ಇರುವುದಿಲ್ಲ, ಅದನ್ನು ಕೇಳಿ ಪಡೆಯಲು ಹೊರಟವನ ದಾರಿ ಎಂತಹುದು ಎಂಬುದೇ ಈ ಲೇಖನದ ವಿಷಯ.

ಸೈನಿಕನ ಎದೆಯ ಮೇಲಿನ ಪದಕಗಳೆಲ್ಲ ಒಂದೇ ಜಾತಿಯವಲ್ಲ. ಒಂದು ಕಾರ್ಯಾಚರಣೆಯ ಕಾಲದಲ್ಲಿ ಗೊತ್ತಾದ ಪ್ರದೇಶದಲ್ಲಿ ಸೇವೆ ಸಲ್ಲಿಸಿದವರಿಗೆಲ್ಲ ದೊರೆಯುವುವು ಕೆಲವು. ಇಷ್ಟು ವರ್ಷ ಸೇವೆ ಮುಗಿಸಿದುದಕ್ಕೆ ದೊರೆಯುವುವು ಇನ್ನು ಕೆಲವು. ಪರಮವೀರ ಚಕ್ರದಿಂದ ಸೇನಾ ಪದಕದವರೆಗಿನ ಶೌರ್ಯ ಪುರಸ್ಕಾರಗಳು ಬೇರೆ. ಅವುಗಳನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲ, ಮೇಲಧಿಕಾರಿಗಳು ಶಿಫಾರಸು ಮಾಡಬೇಕು. ಇವೆಲ್ಲಕ್ಕಿಂತ ಭಿನ್ನವಾದುದು 1973ರಲ್ಲಿ ಸ್ಥಾಪಿತವಾದ ಪರಾಕ್ರಮ ಪದಕ. ವೂಂಡ್ ಮೆಡಲ್ ಎಂದೇ ಸೈನಿಕರ ನಡುವೆ ಅದರ ಹೆಸರು. ಶತ್ರುವಿನ ನೇರ ಕೃತ್ಯದಿಂದ ಗಾಯಗೊಂಡವರಿಗೆ ಅದು ಸಲ್ಲುತ್ತದೆ. ಯುದ್ಧವೇ ಆಗಬೇಕೆಂದಿಲ್ಲ, ಬಂಡುಕೋರರ ವಿರುದ್ಧದ ಕಾರ್ಯಾಚರಣೆಯೂ ಸೇರುತ್ತದೆ. ಶತ್ರುವಿನ ಹೊಡೆತಕ್ಕೆ ಸಿಕ್ಕಿ ನಾಶವಾದ ವಿಮಾನದಿಂದ ಜಿಗಿಯುವಾಗ ಗಾಯಗೊಂಡ ವೈಮಾನಿಕನೂ ಅದಕ್ಕೆ ಅರ್ಹನು.

ಇಲ್ಲಿ 'ಶತ್ರುವಿನ ನೇರ ಕೃತ್ಯ' ಎಂಬ ಮಾತಿನ ಭಾರವನ್ನು ಗಮನಿಸಿರಿ. ಗಡಿಯ ಬೆಟ್ಟದ ರಸ್ತೆಯಲ್ಲಿ ಲಾರಿ ಉರುಳಿ ಬೆನ್ನುಮೂಳೆ ಮುರಿದವನು, ತರಬೇತಿಯಲ್ಲಿ ಕೈ ಕಳೆದುಕೊಂಡವನು, ಹಿಮಕಡಿತದಿಂದ ಕಾಲ್ಬೆರಳುಗಳನ್ನು ಕತ್ತರಿಸಿಕೊಂಡವನು, ಇವರೆಲ್ಲ ಸೇವೆಯಲ್ಲೇ ಗಾಯಗೊಂಡವರು. ಆದರೆ ಆ ಮಾತಿನ ಗೆರೆಯ ಹೊರಗಿನವರು. ಸೇನೆಯ ಪುಸ್ತಕದಲ್ಲಿ ಕದನದ ಗಾಯಾಳುಗಳ ಪಟ್ಟಿ ಬೇರೆ, ಉಳಿದ ಗಾಯಾಳುಗಳ ಪಟ್ಟಿ ಬೇರೆ. ಊರಿನವರ ಕಣ್ಣಿಗೆ ಕಾಣುವುದು ಹೋದ ಕಾಲು. ಕಚೇರಿಯ ಕಣ್ಣಿಗೆ ಕಾಣುವುದು ಅದು ಹೋದ ಬಗೆ.

ಈ ಗೆರೆ ಅನ್ಯಾಯವೆಂದು ಒಮ್ಮೆಗೇ ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಎಲ್ಲ ಗಾಯಕ್ಕೂ ಒಂದೇ ಪದಕವೆಂದರೆ ಗುಂಡಿಗೆ ಎದೆಯೊಡ್ಡಿದವನ ಗುರುತು ಮಸುಕಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ತನ್ನ ಶತ್ರುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಯಾವ ಸೈನಿಕನಿಗಿದೆ? ಸಿಯಾಚಿನ್‌ನಲ್ಲಿ ಗುಂಡಿಗಿಂತ ಹಿಮವೇ ಹೆಚ್ಚು ಜನರನ್ನು ಕೊಂದಿದೆ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾಡು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಹಿಮಕುಸಿತದಲ್ಲಿ ಹೂತುಹೋದ ಅವರನ್ನು ಆರನೆಯ ದಿನ ಜೀವಂತವಾಗಿ ಹೊರತೆಗೆಯಲಾಯಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಸೇನಾ ಪದಕ ಬಂದಿತು. ಅದು ಶಿಫಾರಸಿನ ದಾರಿಯಿಂದ ಬಂದ ಗೌರವ. ದೇಶವೇ ಪ್ರಾರ್ಥಿಸಿದ ಹೆಸರಿಗೆ ಆ ದಾರಿ ತೆರೆಯಿತು. ಹೆಸರು ಪತ್ರಿಕೆಗಳಲ್ಲಿ ಬಾರದೆ, ಅದೇ ಹಿಮದಲ್ಲಿ ಬೆರಳು ಕಳೆದುಕೊಂಡು ಊರಿಗೆ ಮರಳಿದವನು ಏನನ್ನು ತೋರಿಸಬೇಕು?

ಗಾಯಕ್ಕೆ ಗುರುತು ಕೊಡುವ ಪದ್ಧತಿ ನಮ್ಮಲ್ಲೇ ಹುಟ್ಟಿದುದಲ್ಲ. ಬಿಜಾಪುರವು ಮುಂಬಯಿ ಪ್ರಾಂತ್ಯದ ಜಿಲ್ಲೆಯಾಗಿದ್ದ ಕಾಲದಲ್ಲಿ, ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಬ್ರಿಟಿಷ್ ಸೇನೆಯು ಗಾಯಗೊಂಡವರಿಗೆ ಎಡ ಮುಂದೋಳಿನ ತೋಳಿನ ಮೇಲೆ ಹೊನ್ನಿನ ಬಣ್ಣದ ಸಣ್ಣ ಪಟ್ಟಿಯೊಂದನ್ನು ಹೊಲಿಸಿಕೊಳ್ಳಲು ಅನುಮತಿಸಿತು. ಅದೇ ವರ್ಷ ಗಾಯ ಅಥವಾ ಕಾಯಿಲೆಯಿಂದ ಸೇನೆ ಬಿಟ್ಟವರಿಗೆ ಬೆಳ್ಳಿಯ ಬಿಲ್ಲೆಯೊಂದು ಬಂದಿತು. ಅದರ ಕಾರಣ ಮನಮುಟ್ಟುವಂತಹುದು: ಗಾಯ ಬಟ್ಟೆಯೊಳಗೆ ಅಡಗಿದ್ದರೆ, ಸಾದಾ ಉಡುಪಿನಲ್ಲಿ ಓಡಾಡುವ ಯುವಕನನ್ನು ಹೇಡಿಯೆಂದು ಬೀದಿಯಲ್ಲೇ ಹೀಯಾಳಿಸುತ್ತಿದ್ದರು. ಬಿಲ್ಲೆ ಅವನ ಪರವಾಗಿ ಮಾತನಾಡುತ್ತಿತ್ತು.

ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ 1782ರಲ್ಲಿ ನೇರಳೆ ಬಟ್ಟೆಯ ಹೃದಯಾಕಾರದ ಗುರುತೊಂದನ್ನು ಸ್ಥಾಪಿಸಿದನು. ಅದು ಮರೆತುಹೋಗಿ, ಅವನ ಜನನದ 200ನೆಯ ವರ್ಷವಾದ 1932ರಲ್ಲಿ ಪರ್ಪಲ್ ಹಾರ್ಟ್ ಎಂಬ ಪದಕವಾಗಿ ಮತ್ತೆ ಜೀವ ತಳೆಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದವರು ತಾವೇ ಅರ್ಜಿ ಸಲ್ಲಿಸಿ ಅದನ್ನು ಪಡೆದರು. ಗಮನಿಸಿ, ಯುದ್ಧ ಮುಗಿದು 14 ವರ್ಷಗಳಾಗಿದ್ದವು. ಅರ್ಜಿ ಹಾಕಿದುದನ್ನು ಯಾರೂ ದುರಾಸೆಯೆನ್ನಲಿಲ್ಲ. ಅಲ್ಲಿಯೂ ಗೆರೆ ನಮ್ಮಂತೆಯೇ ಇದೆ: ಅಪಘಾತ, ಬಿಸಿಲಿನ ಹೊಡೆತ, ಹಿಮಕಡಿತ ಇವು ಇಂದಿನ ನಿಯಮದಲ್ಲಿ ಹೊರಗೆ. ಆದರೆ ಅಲ್ಲಿನ ಮಾಜಿ ಸೈನಿಕರ ದೊಡ್ಡ ಸಂಕಟ ಈ ಗೆರೆಯಲ್ಲ, ಬೆಂಕಿ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು, 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಸುಟ್ಟುಹೋದವು. ಮೈಮೇಲೆ ಗಾಯವಿತ್ತು, ಕಾಗದ ಇರಲಿಲ್ಲ. ಅವರು ಸಂಗಾತಿಗಳ ಪ್ರಮಾಣಪತ್ರಗಳನ್ನೂ ಮನೆಗೆ ಬರೆದ ಹಳೆಯ ಪತ್ರಗಳನ್ನೂ ಹುಡುಕಿ ತಂದು ಸಾಕ್ಷಿಯಾಗಿ ಒಪ್ಪಿಸಬೇಕಾಯಿತು. ನಮ್ಮಲ್ಲಿ ಪರಾಕ್ರಮ ಪದಕ ಹುಟ್ಟಿದುದೂ ಅದೇ 1973ರಲ್ಲಿ ಎಂಬುದು ಬರಿಯ ಕಾಕತಾಳೀಯ.

ನಮ್ಮಲ್ಲಿ ಬೆಂಕಿಯೇ ಬೇಕಾಗಿಲ್ಲ. ಪಿಂಚಣಿಯಿಲ್ಲದೆ ಸೇನೆಯಿಂದ ಹೊರಬಂದವನ ಸೇವಾ ಕಡತವನ್ನು 25 ವರ್ಷಗಳ ಬಳಿಕ ನಾಶಪಡಿಸಲು ನಿಯಮವೇ ಅವಕಾಶ ಕೊಡುತ್ತದೆ. ಮಕ್ಕಳ ಮದುವೆ, ಹೊಲದ ಸಾಲ ಎಲ್ಲ ಮುಗಿದು, ಮುಪ್ಪಿನಲ್ಲಿ ಒಮ್ಮೆ ಕೇಳಿ ನೋಡೋಣವೆಂದು ಅವನು ಹೊರಡುವ ಹೊತ್ತಿಗೆ ಕಡತವೇ ಇರುವುದಿಲ್ಲ.

ಇನ್ನು ಗಡಿಯಾಚೆಯ ಒಬ್ಬರ ಕಥೆ. ತಿಕೋಟಾದಿಂದ ಪಶ್ಚಿಮಕ್ಕೆ ಹೋದರೆ ಕನ್ನಡ ಮಾತು ನಿಲ್ಲುವುದಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತದಲ್ಲೂ ಅದು ಮನೆಮಾತೇ. ಅದೇ ಸಾಂಗ್ಲಿ ಜಿಲ್ಲೆಯ ಇನ್ನೊಂದು ಅಂಚಿನ ಪೇಠ ಇಸ್ಲಾಂಪುರದಲ್ಲಿ 1944ರಲ್ಲಿ ಹುಟ್ಟಿದವರು ಮುರಳಿಕಾಂತ ಪೇಟಕರ. ಚಿಕ್ಕ ವಯಸ್ಸಿನಲ್ಲೇ ಸೇನೆಯ ಇ.ಎಂ.ಇ. ದಳವನ್ನು ಸೇರಿ ಮುಷ್ಟಿಯುದ್ಧದಲ್ಲಿ ಹೆಸರು ಮಾಡಿದರು. 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ವಲಯದಲ್ಲಿ ಅವರ ಮೈಗೆ ಹಲವು ಗುಂಡುಗಳು ಹೊಕ್ಕವು, ಒಂದು ಬೆನ್ನುಹುರಿಯ ಬಳಿಯೇ ಉಳಿಯಿತು. ಕಾಲುಗಳ ಸ್ವಾಧೀನ ತಪ್ಪಿತು. ಮುಂಬಯಿಯ ನೌಕಾ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆಯ ಅಂಗವಾಗಿ ನೀರಿಗಿಳಿದವರು ಈಜುಗಾರರಾಗಿಯೇ ಮೇಲೆದ್ದರು. ಕ್ರಿಕೆಟ್ ಪಟು ವಿಜಯ್ ಮರ್ಚೆಂಟ್ ಅವರ ನೆರವಿನಿಂದ ಪಯಣ ಸಾಧ್ಯವಾಗಿ, 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಮುಕ್ತ ಶೈಲಿಯ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಮುಂದೆ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ದುಡಿದು ಬದುಕಿದರು.

1982ರಲ್ಲಿ ಅವರು ಅರ್ಜುನ ಪ್ರಶಸ್ತಿಗಾಗಿ ಮನವಿ ಸಲ್ಲಿಸಿದರು. ಅದು ತಿರಸ್ಕೃತವಾಯಿತು. ಅರ್ಜುನ ಪ್ರಶಸ್ತಿ ಸೇನೆಯ ಪದಕವಲ್ಲ ಎಂಬುದನ್ನು ಬಲ್ಲೆ. ಆದರೂ ಈ ಸಂಗತಿಯನ್ನು ಇಲ್ಲಿ ಹೇಳುತ್ತಿರುವುದು ಏಕೆಂದರೆ, ಗಾಯಗೊಂಡ ಸೈನಿಕನು ತನ್ನ ಪಾಲಿನದನ್ನು ಕೇಳಿದಾಗ ಅವನಿಗೆ ಸಿಗುವ ಉತ್ತರ ಎಂತಹುದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರುವ ಉದಾಹರಣೆ ನನಗೆ ಕಾಣದು. ಅಂಗವಿಕಲನ ಗೆಲುವನ್ನು ಗೆಲುವೆಂದು ಎಣಿಸುವ ಅಭ್ಯಾಸ ಆಗ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಿತು. 2025ರ ಜನವರಿ 17ರಂದು ರಾಷ್ಟ್ರಪತಿ ಭವನದಲ್ಲಿ ಜೀವಮಾನ ಸಾಧನೆಗಾಗಿ ಅರ್ಜುನ ಪ್ರಶಸ್ತಿಯನ್ನು ಅವರು ಸ್ವೀಕರಿಸಿದರು. ಕೇಳಿದಾಗ 37 ವರ್ಷ, ಕೈಗೆ ಬಂದಾಗ 80 ವರ್ಷ.

ಇದಕ್ಕೆ ಎದುರಾಗಿ ಇನ್ನೊಬ್ಬರನ್ನು ನೆನೆಯಬೇಕು. 1971ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು, ಛಿದ್ರವಾದ ತಮ್ಮ ಕಾಲನ್ನು ತಮ್ಮದೇ ಕುಕ್ರಿಯಿಂದ ಕತ್ತರಿಸಿಕೊಂಡ ಗೂರ್ಖಾ ದಳದ ಇಯಾನ್ ಕಾರ್ಡೋಜೊ. ಅವರ ಶಸ್ತ್ರಚಿಕಿತ್ಸೆ ಮಾಡಿದವರು ಸೆರೆಸಿಕ್ಕ ಪಾಕಿಸ್ತಾನಿ ವೈದ್ಯರು. ಅವರು ಸೇನೆಯನ್ನು ಕೇಳಿದುದು ತಮ್ಮ ಕೆಲಸವನ್ನು. ಕೃತಕ ಕಾಲಿನಿಂದಲೇ ದೈಹಿಕ ಪರೀಕ್ಷೆಗಳನ್ನು ಗೆದ್ದು, ಪದಾತಿ ಪಡೆಯ ಬೆಟಾಲಿಯನ್ ಒಂದನ್ನು ಮುನ್ನಡೆಸಿದ ಮೊದಲ ಯುದ್ಧವಿಕಲಾಂಗ ಅಧಿಕಾರಿಯಾದರು. ಆದರೆ ಓದುಗರೇ, ಒಬ್ಬ ಅಧಿಕಾರಿಯ ಛಲದ ಕಥೆಯನ್ನು ಹೇಳಿ ಸಾಮಾನ್ಯ ಜವಾನನ ಬಾಯಿ ಮುಚ್ಚಿಸುವುದು ತರವಲ್ಲ. ವೈದ್ಯಕೀಯ ಮಂಡಳಿ ಅನರ್ಹನೆಂದ ಮೇಲೆ ಜವಾನನು ಹಿಡಿಯುವುದು ಊರಿನ ಬಸ್ಸನ್ನು.

ಪದಕದ ತಕರಾರಿನ ಹಿಂದೆ ಪಿಂಚಣಿಯ ಪ್ರಶ್ನೆಯೂ ಇದೆ. ಗಾಯವು ಸೇವೆಯಿಂದ ಉಂಟಾದುದು ಅಥವಾ ಸೇವೆಯಿಂದ ಉಲ್ಬಣಿಸಿದುದು ಎಂದಾದರೆ ಅಂಗವೈಕಲ್ಯದ ಪಿಂಚಣಿ. ಯುದ್ಧಗಾಯವೆಂದಾದರೆ, ಅದರಿಂದಲೇ ಸೇವೆ ಬಿಡಬೇಕಾಗಿ ಬಂದವನಿಗೆ, ಆ ಭಾಗ ಇನ್ನೂ ಹೆಚ್ಚು. ಯುದ್ಧಗಾಯದ ಪಿಂಚಣಿಯ ವ್ಯಾಪ್ತಿ ಪದಕಕ್ಕಿಂತ ವಿಶಾಲ. ನೆಲಬಾಂಬು ಹೂಳುವಾಗ ಅದು ಆಕಸ್ಮಿಕವಾಗಿ ಸಿಡಿದು ಗಾಯಗೊಂಡವನೂ ಅದರೊಳಗೆ ಬರುತ್ತಾನೆ. ಹೀಗಾಗಿ ಯುದ್ಧಗಾಯದ ಪಿಂಚಣಿ ಪಡೆಯುವವನ ಎದೆಯ ಮೇಲೆ ಗಾಯದ ಪದಕ ಇಲ್ಲದಿರುವುದೂ ಉಂಟು. ಅವನು ಪದಕ ಕೇಳಿದರೆ ಹಣಕ್ಕಾಗಿ ಕೇಳುತ್ತಿದ್ದಾನೆಂದು ಹೇಳಲು ಬರುವುದಿಲ್ಲ. ಹಣ ಆಗಲೇ ಬರುತ್ತಿದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಭರ್ತಿಯಾಗುವಾಗ ದಾಖಲಾಗದ ಕಾಯಿಲೆ ಮುಂದೆ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂದುದೆಂದೇ ಊಹಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲ ಎಂದಿತು. ಪಿಂಚಣಿಯಲ್ಲಿ ಸಾಕ್ಷಿಯ ಹೊರೆ ಹೀಗೆ ಹಗುರವಾಯಿತು. ಪದಕದಲ್ಲಿ ಅದು ಸೈನಿಕನ ಹೆಗಲ ಮೇಲೆಯೇ ಇದೆ.

ಆ ಸಾಕ್ಷಿ ಹುಟ್ಟುವುದು ಗಾಯವಾದ ವಾರದಲ್ಲೇ. ಕಮಾಂಡಿಂಗ್ ಅಧಿಕಾರಿ ಸಹಿ ಮಾಡಿದ ಗಾಯದ ವರದಿ, ವಿಚಾರಣೆಯ ನಡಾವಳಿ, ಆಸ್ಪತ್ರೆಯ ಕಾಗದಗಳು, ಹೆಸರು ಪ್ರಕಟವಾದ ಪಾರ್ಟ್ ಟೂ ಆರ್ಡರ್. ಪ್ರಜ್ಞೆಯಿಲ್ಲದೆ ಮಲಗಿದ್ದವನು ಇವುಗಳನ್ನು ಓದಿ ನೋಡುವುದೆಂತು? ಅಲ್ಲಿ ಗುಮಾಸ್ತನೊಬ್ಬನು 'ಅಪಘಾತ' ಎಂದು ಬರೆದರೆ ಮುಂದಿನ 50 ವರ್ಷ ಅದೇ ಸತ್ಯ. ಸಾರವಾಡದಂತಹ ಊರಿನ ಮಾಜಿ ಸೈನಿಕನು ಮೊದಲು ಹೋಗಬೇಕಾದುದು ವಿಜಯಪುರದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಅಲ್ಲಿಂದ ಅರ್ಜಿ ಅವನ ದಳದ ದಾಖಲಾತಿ ಕಚೇರಿಗೆ ಸಾಗುತ್ತದೆ. ಮರಾಠಾ ಲಘು ಪದಾತಿ ದಳದವರದು ಬೆಳಗಾವಿಯಲ್ಲೇ ಇದೆ. ಅಲ್ಲಿಯೂ ಇಲ್ಲವೆಂದರೆ, 2007ರ ಕಾಯ್ದೆಯಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣದ ಪೀಠವೊಂದು ಬೆಂಗಳೂರಿನಲ್ಲಿದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಡಿಸ್ಚಾರ್ಜ್ ಪುಸ್ತಕವಿದ್ದರೆ ಅದನ್ನು ಗೆದ್ದಲಿನಿಂದ ಕಾಪಾಡಿ, ನಕಲು ಮಾಡಿಸಿಡಿ. ಗಾಯದ ದಿನಾಂಕ, ಸ್ಥಳ, ಆಸ್ಪತ್ರೆಯ ಹೆಸರು, ಜೊತೆಗಿದ್ದವರ ಹೆಸರು ಹಾಗೂ ಊರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಜೊತೆಗಿದ್ದವರ ಪ್ರಮಾಣಪತ್ರ ಕೆಲವೊಮ್ಮೆ ಉಳಿಯುವ ಏಕೈಕ ಆಧಾರ. 1971ರಲ್ಲಿ 20 ವರ್ಷದವರಾಗಿದ್ದ ಆ ಸಂಗಾತಿಗಳಿಗೆ ಈಗ ಎಪ್ಪತ್ತು ದಾಟಿದೆ.